ಸಿರಪ್ ಬೇಡ ಅಂದ ಮೇಲೆ ಗುಟ್ಟಿಯೂ ಯಾಕೆ ಬೇಡ?

2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಿಂದ ಬಂದ ಸುದ್ದಿ ಮಕ್ಕಳಿರುವ ಮನೆಗಳನ್ನೆಲ್ಲ ಬೆಚ್ಚಿಬೀಳಿಸಿತು. ಕೋಲ್ಡ್‌ರಿಫ್ ಎಂಬ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಜಾಸ್ತಿ ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡರು. ತಮಿಳುನಾಡಿನಲ್ಲಿ ತಯಾರಾದ ಆ ಸಿರಪ್ಪನ್ನು ಪರೀಕ್ಷಿಸಿದಾಗ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ 48.6ರಷ್ಟು ಸಿಕ್ಕಿತು. ಇರಬಹುದಾದ ಮಿತಿ ಶೇ 0.1. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧಿ ಬೇಡವೇ ಬೇಡ, ಐದು ವರ್ಷದವರೆಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ ಅಕ್ಟೋಬರ್ 3ರಂದು ಹೇಳಿತು. ಕರ್ನಾಟಕ ಸರ್ಕಾರವೂ ಪೋಷಕರನ್ನು ಎಚ್ಚರಿಸಿತು.

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಗಳಲ್ಲಿ ಇದಕ್ಕೆ ಬಂದ ಉತ್ತರ ಊಹಿಸುವುದು ಕಷ್ಟವಲ್ಲ. ಇಂಗ್ಲಿಷ್ ಔಷಧಿಯ ಸಹವಾಸವೇ ಬೇಡ, ಆಯಿ, ಅಂದರೆ ಮನೆಯ ಹಿರಿಯಜ್ಜಿ, ಬೇರು-ಕಾಯಿ ತೇಯ್ದು ಹಾಕುವ ಗುಟ್ಟಿಯೇ ವಾಸಿ. ಮೊಬೈಲ್ ತೆರೆದರೆ ಎಲೆ ಹಿಂಡಿ ರಸ ಕುಡಿಸುವ ವಿಡಿಯೋಗಳೂ ಬೇಕಾದಷ್ಟು ಸಿಗುತ್ತವೆ. ಆದರೆ ಕೂಸನ್ನು ದವಾಖಾನೆಗೆ ಒಯ್ದರೆ ಮಕ್ಕಳ ಡಾಕ್ಟರು ಅದಕ್ಕೂ ಗದರುತ್ತಾರೆ. ಸಿರಪ್ಪೂ ಬೇಡ, ಗುಟ್ಟಿಯೂ ಬೇಡ. ರಾತ್ರಿಯಿಡೀ ಕೆಮ್ಮುವ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡ ತಾಯಿಗೆ ಇದು ತಲೆಬುಡ ತಿಳಿಯದ ಮಾತು.

ಈ ಎರಡು ‘ಬೇಡ’ಗಳಿಗೂ ಕಾರಣ ಒಂದೇ. ಛಿಂದ್ವಾಡಾದ ಮಕ್ಕಳು ಸತ್ತದ್ದು ಔಷಧಿ ‘ಇಂಗ್ಲಿಷ್’ ಆಗಿತ್ತು ಅಂತಲ್ಲ. ಒಳಗೆ ಏನಿದೆ, ಎಷ್ಟಿದೆ ಎಂದು ನೋಡಬೇಕಾದವರು ನೋಡಲಿಲ್ಲ, ಅದಕ್ಕೆ. ಬೇರು-ಎಲೆಯ ಮದ್ದಿನಲ್ಲಿಯಂತೂ ಅದನ್ನು ನೋಡುವವರೇ ಇಲ್ಲ.

ಸಾಣೆಕಲ್ಲಿನ ಮೇಲೆ ಏನೇನು

ಗುಟ್ಟಿ ಒಂದೇ ಔಷಧಿಯಲ್ಲ, ಒಂದು ಗಂಟು. ಬಜೆ, ಅಳಲೆಕಾಯಿ, ಜಾಜಿಕಾಯಿ, ಮಾಚಿಕಾಯಿ, ಅತಿವಿಷ, ಅರಿಸಿನದ ಕೊಂಬು, ಜೇಷ್ಠಮಧು, ಎಡಮುರಿ ಕಾಯಿ. ಜೊತೆಗೆ ಬದಾಮಿ, ಉತ್ತತ್ತಿ. ಬೀದರ್, ಆಳಂದ ಕಡೆ ಮರಾಠಿ ಮನೆಗಳ ಗಂಟು ಬೇರೆ, ಗುರುಮಠಕಲ್, ಸೇಡಂ ಕಡೆ ತೆಲುಗು ನಂಟಿರುವ ಮನೆಗಳದ್ದು ಬೇರೆ, ತಾಂಡಾಗಳದ್ದು ಇನ್ನೊಂದು. ಕೂಸಿಗೆ ಎಣ್ಣೆ ಹಚ್ಚಿ ಎರೆದು, ಧೂಪ ಹಿಡಿದ ಮೇಲೆ ಒಂದೊಂದನ್ನೂ ಸಾಣೆಕಲ್ಲಿನ ಮೇಲೆ ತಾಯಿಯ ಹಾಲಲ್ಲೋ ನೀರಲ್ಲೋ ತೇಯ್ದು ಬೆರಳಿನಿಂದ ನೆಕ್ಕಿಸುತ್ತಾರೆ. ಹೊಟ್ಟೆ ಉಬ್ಬರ, ಅಳು, ನಿದ್ದೆ ಬಾರದಿರುವುದು, ಹಸಿರು ಭೇದಿ, ನೆಗಡಿ, ಎಲ್ಲಕ್ಕೂ ಇದೇ.

ಇದರಲ್ಲಿ ಹೆಚ್ಚಿನವು ವಿಷವಲ್ಲ ಎನ್ನುವುದನ್ನು ಮೊದಲೇ ಒಪ್ಪಿಕೊಳ್ಳಬೇಕು. ದೊಡ್ಡ ಮಕ್ಕಳ ನೆಗಡಿಗೆ ಎರಡು ಎಲೆ ತುಳಸಿ, ಚೂರು ಜೇಷ್ಠಮಧು ಕೊಟ್ಟವರನ್ನು ಕೊಲೆಗಾರರಂತೆ ನೋಡುವುದು ಸರಿಯಲ್ಲ. ತೊಂದರೆ ಇರುವುದು ಗಂಟಿನಲ್ಲಿರುವ ಕೆಲವು ವಸ್ತುಗಳಲ್ಲಿ, ಗಂಟಿಗೆ ಬಂದು ಸೇರಿಕೊಳ್ಳುವ ಇನ್ನು ಕೆಲವುಗಳಲ್ಲಿ.

ಬಜೆಯನ್ನೇ ನೋಡಿ. ‘ಮಾತು ಬೇಗ ಬರುತ್ತದೆ’ ಎಂದು ನಮ್ಮ ಕಡೆ ಬಜೆ ಮುಟ್ಟಿಸದ ಕೂಸು ಸಿಗುವುದು ಅಪರೂಪ. ಅದರಲ್ಲಿ ಬೀಟಾ-ಅಸರೋನ್ ಎಂಬ ರಾಸಾಯನಿಕ ಇದೆ. ಪ್ರಯೋಗಾಲಯದ ಇಲಿಗಳಿಗೆ ಬಜೆ ಎಣ್ಣೆಯನ್ನು ಬಹುಕಾಲ ತಿನ್ನಿಸಿದಾಗ ಕರುಳಿನಲ್ಲಿ ಗಡ್ಡೆಗಳು ಕಂಡವು. ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆ ಬಳಸುವುದನ್ನು ನಿಷೇಧಿಸಿತು. ಜಾಸ್ತಿಯಾದರೆ ಅದು ಮೊದಲು ಮಾಡುವ ಕೆಲಸ ವಾಂತಿ, ಬಿಡದ ವಾಂತಿ. ದೊಡ್ಡವರಾದರೆ ಎರಡು ಸಲ ಕಾರಿ ಸುಧಾರಿಸಿಕೊಂಡಾರು. ಒಂದು ತಿಂಗಳ ಕೂಸಿಗೆ ನಾಲ್ಕೈದು ಸಲ ವಾಂತಿಯಾದರೆ ಮೈಯ ನೀರೇ ಆರಿಹೋಗುತ್ತದೆ. ಕೆಲವು ಮನೆಗಳಲ್ಲಿ ಆ ವಾಂತಿಯನ್ನೇ ‘ಕಫ ಬಿತ್ತು’ ಎಂದು ಖುಷಿಯಿಂದ ನೋಡುತ್ತಾರೆ.

ಸುತ್ತಿನ ಲೆಕ್ಕ

ಗುಟ್ಟಿಗೂ ಒಂದು ಅಳತೆ ಇದೆ, ಅದರ ಹೆಸರು ಸುತ್ತು. ಮೊದಲ ವಾರ ಒಂದು ಸುತ್ತು, ಕೂಸು ಬೆಳೆದಂತೆ ಎರಡು, ಮೂರು. ಬೇರನ್ನು ಕಲ್ಲಿನ ಮೇಲೆ ಒಂದು ಬಾರಿ ಗುಂಡಗೆ ತಿರುವಿದರೆ ಒಂದು ಸುತ್ತು. ಹಿಂದಿನವರಿಗೂ ಪ್ರಮಾಣದ ಅರಿವಿತ್ತು, ವಯಸ್ಸಿಗೆ ತಕ್ಕಂತೆ ಏರಿಸಬೇಕೆಂಬ ತಿಳಿವಳಿಕೆಯೂ ಇತ್ತು ಎಂಬುದಕ್ಕೆ ಇದೇ ಸಾಕ್ಷಿ.

ಆದರೆ ಒಂದು ಸುತ್ತಿಗೆ ಎಷ್ಟು ಮದ್ದು ಇಳಿಯುತ್ತದೆ? ಹೊಸ ಸಾಣೆಕಲ್ಲು ಒರಟು, ಜಾಸ್ತಿ ತೇಯುತ್ತದೆ. ಮೂರು ತಲೆಮಾರು ತೇಯ್ದ ಕಲ್ಲು ನುಣುಪು, ಬೇರು ಜಾರುತ್ತದೆ. ಹಿಂದಿನ ರಾತ್ರಿ ನೆನೆಹಾಕಿದ ಬೇರು ಮೆತ್ತಗಿದ್ದು ಬೇಗ ಸವೆಯುತ್ತದೆ, ಒಣಗಿದ್ದು ಸವೆಯುವುದಿಲ್ಲ. ಆಯಿಯ ಕೈಯ ಭಾರ ಬೇರೆ, ಸೊಸೆಯ ಕೈಯ ಭಾರ ಬೇರೆ. ಬೇರಿನೊಳಗಿನ ಕಸುವೂ ಒಂದೇ ಅಲ್ಲ. ಯಾವ ಮಣ್ಣಿನದು, ಯಾವ ತಿಂಗಳಲ್ಲಿ ಕಿತ್ತದ್ದು, ಎಷ್ಟು ವರ್ಷ ಡಬ್ಬಿಯಲ್ಲಿತ್ತು ಎಂಬುದರ ಮೇಲೆ ಅದು ಹಲವು ಪಟ್ಟು ಏರುಪೇರಾಗುತ್ತದೆ. ಹೀಗಾಗಿ ಒಂದೇ ಮನೆಯಲ್ಲಿ ಸೋಮವಾರದ ಮೂರು ಸುತ್ತು ಮತ್ತು ಮಂಗಳವಾರದ ಮೂರು ಸುತ್ತು ಒಂದೇ ಆಗಿರುವುದಿಲ್ಲ.

ತೊಗರಿಗೆ ಕೀಟನಾಶಕ ಹೊಡೆಯುವಾಗ ಒಂದು ಪಂಪಿಗೆ ಎಷ್ಟು ಮಿಲಿ ಎಂದು ಮುಚ್ಚಳದಲ್ಲಿ ಅಳೆದು ಹಾಕುವ ಮನೆಗಳಿವು. ಅದೇ ಮನೆಯಲ್ಲಿ ಕೂಸಿನ ಬಾಯಿಗೆ ಬೀಳುವುದಕ್ಕೆ ಇಷ್ಟು ಸಡಿಲ ಅಳತೆ.

ಆ ಬೇರು ಅದೇ ಬೇರು ಎನ್ನುವ ಖಾತ್ರಿಯೂ ಇಲ್ಲ. ಅತಿವಿಷ ಹಿಮಾಲಯದಿಂದ ಬರುವ ದುಬಾರಿ ಗಡ್ಡೆ. ಅದೇ ಕುಲಕ್ಕೆ ಸೇರಿದ ವತ್ಸನಾಭಿ ಗಡ್ಡೆ ಹೃದಯದ ಬಡಿತವನ್ನೇ ತಪ್ಪಿಸುವ ಉಗ್ರ ವಿಷ. ಒಣಗಿದ ಮೇಲೆ ಎರಡನ್ನೂ ಬೇರ್ಪಡಿಸಲು ಪಳಗಿದ ಕಣ್ಣು ಬೇಕು. ಜಡಿಬೂಟಿ ಅಂಗಡಿಯ ಮೂಟೆಯಿಂದ ಕಾಗದದ ಪೊಟ್ಟಣಕ್ಕೆ ಬಂದು, ಅಲ್ಲಿಂದ ಮನೆಯ ಡಬ್ಬಿ ಸೇರುವಷ್ಟರಲ್ಲಿ ಹೆಸರು ಎಷ್ಟು ಕೈ ದಾಟಿರುತ್ತದೋ. ವತ್ಸನಾಭಿ ಹೊಟ್ಟೆಗೆ ಹೋದರೆ ಮೊದಲು ತುಟಿ, ನಾಲಿಗೆ ಜುಮ್ಮೆನ್ನುತ್ತವೆ. ಅದನ್ನು ಹೇಳಲು ಕೂಸಿಗೆ ಮಾತು ಬರಬೇಕಲ್ಲ. ಇಂಥ ಅದಲುಬದಲು ಶ್ರೀಮಂತ ದೇಶಗಳಲ್ಲೂ ಆಗಿದೆ. ಹೊಟ್ಟೆನೋವಿಗೆಂದು ಕೂಸುಗಳಿಗೆ ಚಕ್ರಮೊಗ್ಗಿನ ಕಷಾಯ ಕೊಟ್ಟು ಫಿಟ್ಸ್ ಬಂದ ಪ್ರಕರಣಗಳ ಮೇಲೆ ಅಮೆರಿಕದ ಔಷಧಿ ಇಲಾಖೆ 2003ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಅದೇ ತರ ಕಾಣುವ ಜಪಾನಿನ ವಿಷದ ಚಕ್ರಮೊಗ್ಗು ಬೆರೆತಿರಬಹುದು ಎಂಬುದು ಅದರ ಆತಂಕ.

ಮೂರು ಕಿಲೋ ಮೈ

ಅರವತ್ತು ಕಿಲೋ ತೂಗುವವರಿಗೆ ಏನೂ ಮಾಡದ ಪ್ರಮಾಣ ಮೂರು ಕಿಲೋ ಕೂಸಿಗೆ ಇಪ್ಪತ್ತು ಪಟ್ಟು. ಇದು ಬರೀ ತೂಕದ ಲೆಕ್ಕ. ಅದರ ಮೇಲೆ, ವಿಷವನ್ನು ಒಡೆದು ಹೊರಹಾಕುವ ಲಿವರ್‌ನ ಕೆಲಸ ಹುಟ್ಟಿದ ಕೂಸಿನಲ್ಲಿ ಇನ್ನೂ ಪೂರ್ತಿ ಶುರುವಾಗಿರುವುದಿಲ್ಲ. ಕಿಡ್ನಿ ದೊಡ್ಡವರ ಮಟ್ಟಕ್ಕೆ ಬರಲು ಒಂದರಿಂದ ಎರಡು ವರ್ಷ ಬೇಕು. ಹಾಗಾಗಿ ಇವತ್ತು ಹಾಕಿದ್ದು ಮೈಯಲ್ಲಿ ಉಳಿದಿರುವಾಗಲೇ ನಾಳೆಯದ್ದು ಬಂದು ಸೇರುತ್ತದೆ. ಚರ್ಮ ತೆಳು, ಹಚ್ಚಿದ್ದೂ ಒಳಗೆ ಇಳಿಯುತ್ತದೆ.

ಈ ಮೂರು ಜಿಲ್ಲೆಗಳಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಯಾದಗಿರಿಯಲ್ಲಿ ಐದು ವರ್ಷದೊಳಗಿನ ಅರ್ಧಕ್ಕಿಂತ ಜಾಸ್ತಿ ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ವಯಸ್ಸು ನೋಡಿ ಸುತ್ತು ಏರಿಸುವ ಪದ್ಧತಿಯಲ್ಲಿ ತೂಕ ಕಡಿಮೆ ಇರುವ ಕೂಸಿಗೆ ಬೀಳುವ ಪಾಲು ತಾನಾಗಿಯೇ ಜಾಸ್ತಿಯಾಗುತ್ತದೆ. ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ನೀರೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರ ಹಿಂದೆ ಇಷ್ಟೆಲ್ಲಾ ಇದೆ. ತೇಯುವ ಕಲ್ಲು, ಬೆರಳು, ನೀರು ಇವುಗಳಿಂದ ಅಂಟುವ ಭೇದಿಯ ಕಥೆ ಬೇರೆಯೇ. ಗುಟ್ಟಿಗೆ ಬೆರೆಸುವ ಜೇನುತುಪ್ಪವೂ ಒಂದು ವರ್ಷದೊಳಗೆ ಅಪಾಯ. ಅದರಲ್ಲಿ ಇರಬಹುದಾದ ಒಂದು ಜಾತಿಯ ಬ್ಯಾಕ್ಟೀರಿಯಾ ಎಳೆಗರುಳಲ್ಲಿ ಬೆಳೆದು ಮೈಯ ಸ್ನಾಯುಗಳನ್ನೆಲ್ಲ ಸೋಲಿಸಿಬಿಡುತ್ತದೆ.

ಕರ್ಪೂರ, ಎಣ್ಣೆ, ದತ್ತೂರಿ

ನೆಗಡಿಯಾದ ಕೂಸಿನ ಎದೆಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಹಚ್ಚುವುದು, ಅಜವಾನ-ಕರ್ಪೂರದ ಪೊಟ್ಟಣ ಮೂಗಿಗೆ ಹಿಡಿಯುವುದು ಎಲ್ಲಾ ಕಡೆ ಇದೆ. ಕರ್ಪೂರ ಮಿದುಳನ್ನು ಕೆರಳಿಸುವ ವಸ್ತು. ಹೊಟ್ಟೆಗೆ ಹೋದರೆ ಕೆಲವೇ ನಿಮಿಷಗಳಿಂದ ಒಂದೂವರೆ ತಾಸಿನೊಳಗೆ ಫಿಟ್ಸ್ ಬರಬಹುದು. ಒಂದು ಗ್ರಾಂ ಆಸುಪಾಸು ಸಣ್ಣ ಮಗುವಿನ ಜೀವ ತೆಗೆದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಎದೆಗೆ ಹಚ್ಚುವ ಬಾಮ್ ಡಬ್ಬಿಗಳ ಮೇಲೆಯೇ ಎರಡು ವರ್ಷದೊಳಗಿನವರಿಗೆ ಬೇಡ ಎಂದು ಬರೆದಿರುತ್ತದೆ. ಅಕ್ಷರ ಸಣ್ಣದು, ಯಾರೂ ಓದುವುದಿಲ್ಲ. ದೇವರ ಮುಂದಿನ ಕರ್ಪೂರವನ್ನು ಕಲ್ಲುಸಕ್ಕರೆ ಎಂದು ಮಗು ಬಾಯಿಗೆ ಹಾಕಿಕೊಳ್ಳುವ ಅಪಾಯ ಇದರ ಜೊತೆಗೇ ಇದೆ. ನೀಲಗಿರಿ ಎಣ್ಣೆಯದ್ದೂ ಇದೇ ಗುಣ. ಈ ಎಣ್ಣೆಗಳಿಂದ ಬಂದ ಫಿಟ್ಸನ್ನು ಮೂರ್ಛೆರೋಗ ಎಂದು ತಿಳಿದು ವರ್ಷಗಟ್ಟಲೆ ಮಾತ್ರೆ ನುಂಗುವ ಸ್ಥಿತಿ ಬರಬಹುದು ಎಂದು ದಕ್ಷಿಣ ಭಾರತದ ನರರೋಗ ವೈದ್ಯರು ಬರೆದಿದ್ದಾರೆ. ಕಾರಣ ತೀರಾ ಸರಳ. ‘ಏನಾದರೂ ಹಚ್ಚಿದ್ದಿರಾ?’ ಎಂದು ಯಾರೂ ಕೇಳಿರುವುದಿಲ್ಲ.

ಎಣ್ಣೆಯ ವಿಷಯ ಇನ್ನೂ ಮೋಸದ್ದು, ಯಾಕೆಂದರೆ ಇಲ್ಲಿ ವಿಷವೇ ಇಲ್ಲ. ಹೊಟ್ಟೆ ಝಾಡಿಸಲೆಂದು ಔಡಲೆಣ್ಣೆ ಕುಡಿಸುವುದು, ಎರೆಯುವಾಗ ಮೂಗಿಗೆ ಎರಡು ಹನಿ ಎಣ್ಣೆ ಬಿಡುವುದು ನಮ್ಮ ಕಡೆ ಹಳೆಯ ರೂಢಿ. ನೀರು ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿದರೆ ಕೂಸು ತಕ್ಷಣ ಕೆಮ್ಮಿ ಹೊರಹಾಕುತ್ತದೆ. ಎಣ್ಣೆ ಹಾಗಲ್ಲ. ಅದು ನುಣುಪು, ಕೆಮ್ಮನ್ನೇ ಎಬ್ಬಿಸದೆ ಮೆಲ್ಲಗೆ ಶ್ವಾಸಕೋಶಕ್ಕೆ ಜಾರುತ್ತದೆ. ಅಲ್ಲಿ ಅದನ್ನು ಕರಗಿಸುವ ವ್ಯವಸ್ಥೆ ಇಲ್ಲ. ದಿನವೂ ಎರಡು ಹನಿ ಎಂದರೆ ತಿಂಗಳಲ್ಲಿ ಸಾಕಷ್ಟು ಸೇರುತ್ತದೆ. ಕೊನೆಗೆ ನ್ಯುಮೋನಿಯಾ. ಎಕ್ಸ್‌ರೇಯಲ್ಲಿ ಮಾಮೂಲಿ ನ್ಯುಮೋನಿಯಾದಂತೆಯೇ ಕಾಣುತ್ತದೆ, ಆದರೆ ಆಂಟಿಬಯೋಟಿಕ್ ಇಂಜೆಕ್ಷನ್‌ಗೆ ಬಗ್ಗುವುದಿಲ್ಲ. ಡಾಕ್ಟರು ಔಷಧಿ ಬದಲಿಸುತ್ತಾರೆ. ಉಸಿರಾಟಕ್ಕೆ ಕಷ್ಟಪಡುತ್ತಿದೆ ಎಂದು ಮನೆಯವರು ಮೂಗಿಗೆ ಮತ್ತೆ ಎಣ್ಣೆ ಬಿಡುತ್ತಾರೆ.

ದತ್ತೂರಿ ಈ ಭಾಗದ ಪ್ರತಿ ತಿಪ್ಪೆಯ ಪಕ್ಕ ಬೆಳೆಯುತ್ತದೆ. ದಮ್ಮಿಗೆ, ಕಿವಿನೋವಿಗೆ ಅದರ ರಸ ಎಂಬ ಮಾತು ಈಗಲೂ ಓಡಾಡುತ್ತಿದೆ. ಅದರಲ್ಲಿರುವುದು ಅಟ್ರೋಪಿನ್ ಮತ್ತು ಅದರ ಬಳಗ. ಹೊಲಕ್ಕೆ ಹೊಡೆಯುವ ಕೆಲವು ಬಗೆಯ ಕೀಟನಾಶಕ ಕುಡಿದವರನ್ನು ದವಾಖಾನೆಗೆ ಒಯ್ದಾಗ ಕೊಡುವ ಇಂಜೆಕ್ಷನ್ನೂ ಇದೇ ಅಟ್ರೋಪಿನ್. ಅಲ್ಲಿ ನಾಡಿ, ಕಣ್ಣಿನ ಪಾಪೆ, ಎದೆಯ ಸದ್ದು ಮತ್ತೆ ಮತ್ತೆ ನೋಡಿ, ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಗಿಡ ಜೀವ ಉಳಿಸುವ ಔಷಧಿಯಾಗುವುದೂ ವಿಷವಾಗುವುದೂ ಆ ಮಿಲಿಗ್ರಾಂನಲ್ಲಿ. ದತ್ತೂರಿ ಏರಿದ ಮಗುವಿನ ಮುಖ ಕೆಂಪಗೆ, ಮೈ ಬಿಸಿ, ಬಾಯಿ ಒಣ, ಕಣ್ಣಿನ ಪಾಪೆ ಅಗಲ. ಏನೇನೋ ಬಡಬಡಿಸುತ್ತದೆ, ಗಾಳಿಯಲ್ಲಿ ಇಲ್ಲದ್ದನ್ನು ಹಿಡಿಯಲು ಹೋಗುತ್ತದೆ. ಇದನ್ನು ‘ಗಾಳಿ ಸೋಕಿದೆ’ ಎಂದು ಓದುವ ಮನೆಗಳಿರುವಲ್ಲಿ ಮೊದಲ ಎರಡು ತಾಸು ಎಲ್ಲಿ ಕಳೆಯುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಸದ್ದಿಲ್ಲದೆ ಕೆಲಸ ಮಾಡುವವು ಇನ್ನೆರಡು. ಈಶ್ವರಿ ಬೇರನ್ನು ಮಕ್ಕಳ ಹೊಟ್ಟೆಯ ತೊಂದರೆಗೆ ಬಳಸುವುದುಂಟು. ಆ ಗಿಡದ ಕುಲದಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ಕಿಡ್ನಿಯನ್ನು ಒಣಗಿಸುತ್ತದೆ, ಕ್ಯಾನ್ಸರ್ ತರುತ್ತದೆ. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಗೆ ಈ ಕುಲದ ಗಿಡ ತಪ್ಪಾಗಿ ಸೇರಿ ಎಷ್ಟೋ ಹೆಂಗಸರ ಕಿಡ್ನಿ ಹೋದ ಮೇಲೆ ಜಗತ್ತಿಗೆ ಇದು ಗೊತ್ತಾಯಿತು. ಇನ್ನೊಂದು ಸೀಸ. ಸಿಂಧೂರ ಬೆರೆಸಿದ ಮದ್ದು, ಕಣ್ಣಿಗೆ ಹಚ್ಚುವ ಸುರ್ಮಾ, ಹೆಸರಿಲ್ಲದ ಭಸ್ಮಗಳು ಅದರ ದಾರಿ. ಅಮೆರಿಕದ ಬೋಸ್ಟನ್ ಸುತ್ತಮುತ್ತ ಮಾರಾಟವಾಗುತ್ತಿದ್ದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಆ ವರದಿ ಬಂದದ್ದು 2004ರಲ್ಲಿ. ಸೀಸದಿಂದ ಅವತ್ತೇ ವಾಂತಿ ಆಗಲಿಕ್ಕಿಲ್ಲ. ಆರು ವರ್ಷದ ನಂತರ ಶಾಲೆಯಲ್ಲಿ ಓದು ತಲೆಗೆ ಹತ್ತದಿದ್ದಾಗ ಯಾರಿಗೆ ನೆನಪಾಗಬೇಕು? ಮೈಯಲ್ಲಿ ಕಬ್ಬಿಣ ಕಡಿಮೆ ಇದ್ದರೆ ಸೀಸ ಇನ್ನೂ ಚೆನ್ನಾಗಿ ಹೀರಲ್ಪಡುತ್ತದೆ. ರಕ್ತಹೀನತೆ ಮನೆಮಾತಾಗಿರುವ ಜಿಲ್ಲೆಗಳಿವು.

ಹಾಗಾದರೆ ನಾವೆಲ್ಲ ಬದುಕಿದ್ದು ಹೇಗೆ?

ಪ್ರತಿ ಮನೆಯಲ್ಲೂ ಬರುವ ಪ್ರಶ್ನೆ ಇದು. ತಳ್ಳಿಹಾಕುವಂಥದ್ದಲ್ಲ.

ಕೂಸಿನ ಸಂಜೆ ಹೊತ್ತಿನ ಅಳು, ಹೊಟ್ಟೆ ಗಟ್ಟಿಮಾಡಿಕೊಂಡು ಕಾಲು ಮಡಚಿ ಕಿರುಚುವುದು, ಎರಡು-ಮೂರು ವಾರಕ್ಕೆ ಶುರುವಾಗಿ ಆರನೇ ವಾರಕ್ಕೆ ಜೋರಾಗಿ ಮೂರು-ನಾಲ್ಕು ತಿಂಗಳಿಗೆ ತಾನೇ ನಿಲ್ಲುತ್ತದೆ. ಔಷಧಿ ಕೊಟ್ಟರೂ ನಿಲ್ಲುತ್ತದೆ, ಕೊಡದಿದ್ದರೂ ನಿಲ್ಲುತ್ತದೆ. ಗುಟ್ಟಿ ಶುರುಮಾಡುವುದು ಅಳು ಜೋರಾದಾಗ, ಅಳು ಇಳಿಯುವುದು ಅದಾದ ಮೇಲೆ. ಹೆಸರು ಗುಟ್ಟಿಗೆ. ನೆಗಡಿಯೂ ಹಾಗೆಯೇ, ಸಾಮಾನ್ಯವಾಗಿ ಒಂದು ವಾರ-ಹತ್ತು ದಿನದಲ್ಲಿ ಹೋಗುವಂಥದ್ದು. ಜಾಜಿಕಾಯಿಯಂತೂ ನಿಜವಾಗಿಯೇ ಮಂಪರು ತರುತ್ತದೆ. ಕೂಸು ಮಲಗಿತು, ನೆಮ್ಮದಿಯಾಯಿತು. ಮುಂಬೈ ಗಿರಣಿಗಳಿಗೆ ಹೋಗುತ್ತಿದ್ದ ತಾಯಂದಿರು ಕೂಸು ಮಲಗಿರಲೆಂದು ಅಫೀಮು ಬೆರೆತ ಬಾಲ ಗೋಲಿ ತಿನ್ನಿಸುತ್ತಿದ್ದರು. ದುಡಿಮೆಗೆ ಹೋಗಲೇಬೇಕಾದ, ಕೂಸನ್ನು ನೋಡಿಕೊಳ್ಳುವವರಿಲ್ಲದ ಮನೆಯ ಒತ್ತಡ ಎಂಥದ್ದು ಎಂದು ಅದು ಹೇಳುತ್ತದೆ. ದುಡಿಯಲು ಹೈದರಾಬಾದ್, ಪುಣೆ, ಬೆಂಗಳೂರಿನ ಕಟ್ಟಡಗಳಿಗೆ ಹೋಗುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಆ ಒತ್ತಡ ಹೊಸದೇನಲ್ಲ.

ಇನ್ನೊಂದು ಮಾತು ಖಾರವಾಗಿದೆ. ಎಲ್ಲರೂ ಬದುಕಲಿಲ್ಲ. ಅಜ್ಜಿಯರ ಕಾಲದಲ್ಲಿ ‘ಏಳು ಹೆತ್ತೆ, ನಾಲ್ಕು ಉಳಿದವು’ ಎನ್ನುವುದು ಮಾಮೂಲಿ ಮಾತಾಗಿತ್ತು. ಉಳಿಯದ ಮೂರಕ್ಕೆ ಏನಾಗಿತ್ತು ಎಂದು ಕೇಳುವ ಪದ್ಧತಿಯೇ ಇರಲಿಲ್ಲ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಹಾನಿ ಮಾಡುವುದು ಮದ್ದಿನೊಳಗಿನ ವಿಷವೂ ಅಲ್ಲ, ಮದ್ದು ನುಂಗಿಹಾಕುವ ಹೊತ್ತು. ಹುಟ್ಟಿದ ಕೂಸಿಗೆ ಕಾಮಣಿ (ಕಾಮಾಲೆ) ಅಂಗೈ-ಅಂಗಾಲಿನವರೆಗೆ ಇಳಿದಿದ್ದರೆ ಬೇಕಾದದ್ದು ನೀಲಿ ಬೆಳಕಿನ ಚಿಕಿತ್ಸೆ, ಅದೂ ತಡಮಾಡದೆ. ‘ಐದು ದಿನ ನಾಟಿ ಮದ್ದು ನೋಡೋಣ’ ಎಂದು ಕೂತರೆ ಮಿದುಳಿಗೆ ಆಗುವ ಗಾಯ ಜೀವನಪರ್ಯಂತ ಉಳಿಯುತ್ತದೆ. ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುತ್ತಿರುವ ಕೂಸಿಗೂ ಹೀಗೆಯೇ. ಅಲ್ಲಿ ಕೊಟ್ಟ ಎಲೆ ನಿರುಪದ್ರವಿಯಾಗಿದ್ದರೂ ಫಲ ಒಂದೇ.

ವಾದಗಳು

ಆಯುರ್ವೇದ ವೈದ್ಯರಿಗೆ ಈ ಚರ್ಚೆಯಲ್ಲಿ ಸಿಟ್ಟು ಬರುವುದಕ್ಕೆ ಕಾರಣವಿದೆ. ಮಕ್ಕಳ ಚಿಕಿತ್ಸೆ ಅವರ ಶಾಸ್ತ್ರದ ಎಂಟು ಅಂಗಗಳಲ್ಲಿ ಒಂದು. ಹುಟ್ಟಿದ ಕೂಸಿಗೆ ವಾಯುವಿಳಂಗ ಎಂಬ ಗಿಡದ ಸಣ್ಣ ಕಾಳಿನಷ್ಟು ಮಾತ್ರ ಎಂದು ಹಳೆಯ ಗ್ರಂಥಗಳೇ ಪ್ರಮಾಣ ಹಾಕಿಕೊಟ್ಟಿವೆ. ವತ್ಸನಾಭಿಯನ್ನು ಗೋಮೂತ್ರದಲ್ಲೋ ಹಾಲಿನಲ್ಲೋ ಶುದ್ಧಿ ಮಾಡದೆ ಬಳಸಬಾರದು ಎಂಬ ನಿಯಮವಿದೆ. ಪಕ್ಕದ ಮನೆಯವರು ಹೇಳಿದ್ದನ್ನು, ಸಂತೆಯಲ್ಲಿ ಬೇರು ಮಾರುವವನು ಕೊಟ್ಟದ್ದನ್ನು ಆಯುರ್ವೇದ ಎಂದು ಕರೆದು ನಮ್ಮ ತಲೆಗೆ ಕಟ್ಟಬೇಡಿ ಎನ್ನುತ್ತಾರೆ. ನ್ಯಾಯವಾದ ಮಾತು. ಆದರೆ ಆ ಶಾಸ್ತ್ರದ ಪ್ರಮಾಣಗಳನ್ನು ಎಳೆಕೂಸುಗಳ ಮೇಲೆ ಇವತ್ತಿನ ರೀತಿಯಲ್ಲಿ ಪರೀಕ್ಷಿಸಿದ ಪುರಾವೆ ತೀರಾ ಕಡಿಮೆ. ಅಲ್ಲಿಗೆ ವಾದ ಸ್ವಲ್ಪ ಸೊರಗುತ್ತದೆ.

ಮಕ್ಕಳ ತಜ್ಞರದ್ದು ಒಂದೇ ಸಾಲಿನ ನಿಲುವು: ಆರು ತಿಂಗಳೊಳಗೆ ಏನೂ ಬೇಡ. ವೈಜ್ಞಾನಿಕವಾಗಿ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಹೇಳುವ ರೀತಿಯಲ್ಲಿ ಮಾತ್ರ ಎಡವಟ್ಟಿದೆ, ಅದಕ್ಕೆ ಆಮೇಲೆ ಬರೋಣ. ನಾಟಿ ವೈದ್ಯರು ‘ಗಿಡಕ್ಕೆ ಸೈಡ್ ಎಫೆಕ್ಟ್ ಇಲ್ಲ’ ಎನ್ನುತ್ತಾರೆ. ಈ ಮಾತಿಗೆ ಮಾತ್ರ ಬುಡವಿಲ್ಲ. ಕಫ ತೆಳುವಾಗಿಸುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದೇ ಆಡುಸೋಗೆಯ ಸತ್ವದಿಂದ. ಗಿಡದಲ್ಲಿ ರೋಗ ವಾಸಿಮಾಡುವ ಶಕ್ತಿ ಇದೆ ಎಂದರೆ ಮೈಮೇಲೆ ಪರಿಣಾಮ ಬೀರುವ ರಾಸಾಯನಿಕ ಇದೆ ಎಂದೇ ಅರ್ಥ. ಗುಣ ಇದೆ, ದೋಷ ಇಲ್ಲ ಎನ್ನುವುದು ಎರಡೂ ಕಡೆ ಗೆಲ್ಲುವ ವಾದ.

ಕಾನೂನಿನ ಸಂದು

ಇದೆಲ್ಲ ಕಾನೂನಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ಔಷಧಿ ನಿಯಮಗಳಲ್ಲಿ ‘ಇ(1)’ ಎಂಬ ಪಟ್ಟಿಯೇ ಇದೆ. ದತ್ತೂರಿ, ವತ್ಸನಾಭಿ, ಗುಲಗಂಜಿ, ಕಣಗಿಲೆ, ಎಕ್ಕ, ಅಫೀಮು, ಪಾದರಸ, ಸಿಂಧೂರ ಎಲ್ಲವೂ ಅದರಲ್ಲಿವೆ. ಇವನ್ನು ಬಳಸಿದ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯ ಮೇಲೆ ‘ವೈದ್ಯರ ಉಸ್ತುವಾರಿಯಲ್ಲಿ ಮಾತ್ರ’ ಎಂಬ ಎಚ್ಚರಿಕೆ ಅಚ್ಚಾಗಬೇಕು. ಯಾವ ಭಾಷೆಯಲ್ಲಿ? ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಸುರಪುರದ ತಾಯಿಗೆ ಅದರಿಂದ ಏನು ಉಪಯೋಗವೋ.

ಆ ಎಚ್ಚರಿಕೆಯೂ ಕಾರ್ಖಾನೆಯ ಬಾಟಲಿಗೆ ಮಾತ್ರ. ಆಯುರ್ವೇದ, ಯುನಾನಿ ಔಷಧಿ ತಯಾರಿಸಲು ಪರವಾನಗಿ ಬೇಕು, ಮಾರಲು ಬೇಕಿಲ್ಲ. ವೈದ್ಯರು, ಹಕೀಮರು ತಮ್ಮದೇ ರೋಗಿಗಳಿಗೆ ಅರೆದು ಕೊಡುವ ಮದ್ದಿಗೆ ಆ ಪರವಾನಗಿಯಿಂದಲೂ ವಿನಾಯಿತಿ ಇದೆ. ಇನ್ನು ಮನೆಯ ಸಾಣೆಕಲ್ಲಿಗೆ ಯಾವ ಕಾನೂನು? ಛಿಂದ್ವಾಡಾದಲ್ಲಿ ಕೊಲೆಗಾರ ಯಾವುದೆಂದು ಪತ್ತೆಯಾದದ್ದು ಬಾಟಲಿ ಇತ್ತು, ಬಾಟಲಿಯ ಮೇಲೆ ಬ್ಯಾಚ್ ನಂಬರ್ ಇತ್ತು, ಅದನ್ನು ಹಿಡಿದು ಕಾರ್ಖಾನೆಗೆ ಹೋಗಲು ಸಾಧ್ಯವಾಯಿತು ಎಂಬುದಕ್ಕೆ. ಕಂಪನಿಯ ಪರವಾನಗಿ ರದ್ದಾಯಿತು. ತೇಯ್ದು ಹಾಕಿದ ಬೇರಿನಿಂದ ಕೂಸು ಹೋದರೆ ಮರಣದ ಕಾರಣದಲ್ಲಿ ‘ಫಿಟ್ಸ್’ ಅಂತಲೋ ‘ಭೇದಿ’ ಅಂತಲೋ ಬರೆದು ಮುಗಿಯುತ್ತದೆ. ಸುದ್ದಿಯೂ ಆಗುವುದಿಲ್ಲ. ಸಿರಪ್ ಬಗ್ಗೆ ಮಾತ್ರ ಸುದ್ದಿ ಬರುವುದರಿಂದ ಸಿರಪ್ ಮಾತ್ರ ಅಪಾಯ ಎಂಬ ಭಾವನೆ ಬೆಳೆಯುವುದು ಹೀಗೆ.

ಬೈದರೆ ಮುಚ್ಚಿಡುತ್ತಾರೆ

ಪೂರ್ತಿ ನಿಷೇಧಿಸಿಬಿಡಿ ಎನ್ನುವವರೂ ಇದ್ದಾರೆ. ಜಡಿಬೂಟಿ ಅಂಗಡಿಗೆ ಬೀಗ ಹಾಕಬಹುದು, ಬೇಲಿಯ ದತ್ತೂರಿಗೆ ಹಾಕಲಾಗುವುದಿಲ್ಲ. ಗದರುವುದರಿಂದ ಇನ್ನೊಂದು ಕೆಟ್ಟ ಪರಿಣಾಮ ಇದೆ. ಒಮ್ಮೆ ಎಲ್ಲರ ಮುಂದೆ ಬೈಸಿಕೊಂಡ ತಾಯಿ ಮುಂದಿನ ಸಲ ‘ಏನೂ ಕೊಟ್ಟಿಲ್ಲರಿ’ ಎನ್ನುತ್ತಾಳೆ. ಬಾಣಂತನ ನಡೆಯುವುದು ತವರಿನಲ್ಲಿ, ಗುಟ್ಟಿ ತೇಯುವವರು ಹಿರಿಯರು. ಬೇಡ ಎನ್ನುವ ಅಧಿಕಾರ ಅವಳಿಗೆ ಇರುವುದಿಲ್ಲ, ಬೈಗುಳ ಮಾತ್ರ ಅವಳ ಪಾಲಿಗೆ. ಅವಳು ಮುಚ್ಚಿಟ್ಟ ಮಾತಿನಿಂದ ಡಾಕ್ಟರಿಗೆ ದಾರಿ ತಪ್ಪುತ್ತದೆ. ದತ್ತೂರಿಯ ಜ್ವರ ಮಿದುಳು ಜ್ವರವಾಗುತ್ತದೆ, ಬೆನ್ನುಹುರಿಯ ನೀರು ತೆಗೆಯುತ್ತಾರೆ, ಹೊತ್ತು ಹೋಗುತ್ತದೆ. ಗೊತ್ತಿದ್ದರೆ ಚಿಕಿತ್ಸೆಯೇ ಬೇರೆ ಇತ್ತು.

ಆದ್ದರಿಂದ ಏನಾದರೂ ಕೊಟ್ಟಿದ್ದರೆ ಹೇಳಿಬಿಡುವುದು ಮುಖ್ಯ. ಉಳಿದ ಬೇರು, ಎಲೆ, ಪೊಟ್ಟಣವನ್ನು ಜೊತೆಗೇ ಒಯ್ಯಬೇಕು. ಎಷ್ಟು ಹೊತ್ತಿಗೆ ಕೊಟ್ಟಿರಿ ಎಂಬುದೂ ಬೇಕಾಗುತ್ತದೆ. ಬೆರಳು ಹಾಕಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಫಿಟ್ಸ್ ಬರುವ ಕೂಸಿನಲ್ಲಿ ಆ ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800-116-117, ಡಾಕ್ಟರುಗಳೂ ಅಲ್ಲಿಗೆ ಕೇಳುತ್ತಾರೆ. ಆಂಬುಲೆನ್ಸ್‌ಗೆ 108 ಇದ್ದೇ ಇದೆ.

ಹಾಗಾದರೆ ಕೆಮ್ಮುವ ಕೂಸಿಗೆ ಏನು ಎಂಬ ಮೊದಲ ಪ್ರಶ್ನೆ. ಆರು ತಿಂಗಳೊಳಗೆ ಎದೆಹಾಲು, ಮೂಗು ಕಟ್ಟಿದ್ದರೆ ಮೆಡಿಕಲ್ ಅಂಗಡಿಯ ಉಪ್ಪುನೀರಿನ ಹನಿ. ಆರು ತಿಂಗಳ ಮೇಲೆ ಬೆಚ್ಚಗಿನ ನೀರು, ವರ್ಷದ ಮೇಲೆ ಅರ್ಧ ಚಮಚ ಜೇನುತುಪ್ಪ. ಭೇದಿಗೆ ಓಆರ್‌ಎಸ್ ಮತ್ತು ಝಿಂಕ್. ಎಷ್ಟು ಸಪ್ಪೆ ಪಟ್ಟಿ ಅನಿಸಬಹುದು, ಆದರೆ ಬಹಳಷ್ಟು ನೆಗಡಿಗೆ ಇಷ್ಟೇ ಬೇಕಾದದ್ದು. ಮೊಬೈಲಿನಲ್ಲಿ ಒಂದು ನಿಮಿಷ ಹಾಕಿಕೊಂಡು ಮಲಗಿರುವ ಕೂಸಿನ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಜಾಸ್ತಿ ಇದ್ದರೆ ಕಾಯಬಾರದು. ಹಾಲು ಬಿಟ್ಟಿದ್ದರೆ, ಪಕ್ಕೆ ಎಳೆಯುತ್ತಿದ್ದರೆ, ಮೈ ತಣ್ಣಗಾಗಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಎಣಿಸುವುದೂ ಬೇಡ.

ಸರ್ಕಾರದ ಕಡೆಯಿಂದ ಆಗಬಹುದಾದ ಒಂದು ಕೆಲಸಕ್ಕೆ ಹೊಸ ಯೋಜನೆ, ಹೊಸ ದುಡ್ಡು ಬೇಕಿಲ್ಲ. ದವಾಖಾನೆಯಲ್ಲಿ ಹೆರಿಗೆಯಾದ ಕೂಸನ್ನು ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಮನೆಗೇ ಬಂದು ನೋಡುತ್ತಾರೆ. ಅದರಲ್ಲಿ ಮೂರನೇ ದಿನದ್ದು, ಏಳನೇ ದಿನದ್ದು ಗುಟ್ಟಿ ಶುರುವಾಗುವ ಹೊತ್ತಿಗೆ ಸರಿಯಾಗಿ ಬರುತ್ತವೆ. ತೂಕ, ಜ್ವರ, ಹೊಕ್ಕುಳು ನೋಡುವ ಆಶಾ ‘ಆಯಿ, ಕೂಸಿಗೆ ಏನೇನು ತೇಯ್ದು ಹಾಕ್ತೀರಿ, ಆ ಡಬ್ಬಿ ಸ್ವಲ್ಪ ತೋರಿಸ್ರಿ’ ಎಂದು ಅದನ್ನೂ ಕೇಳಿ ಬರೆದುಕೊಂಡರೆ, ಯಾವ ತಾಲ್ಲೂಕಿನಲ್ಲಿ ಯಾವ ಬೇರು ಓಡುತ್ತಿದೆ ಎಂಬ ಮಾಹಿತಿ ವರ್ಷದೊಳಗೆ ಜಿಲ್ಲಾ ಆರೋಗ್ಯಾಧಿಕಾರಿಯ ಮೇಜಿನ ಮೇಲಿರುತ್ತದೆ. ಡಬ್ಬಿಯಲ್ಲಿ ಅನುಮಾನದ ಬೇರು ಕಂಡರೆ ಗುರುತಿಸಿಕೊಡಲು ಕಲಬುರಗಿ, ಬೀದರ್‌ಗಳಲ್ಲಿ ಆಯುರ್ವೇದ ಕಾಲೇಜುಗಳಿವೆ, ಗಿಡಮೂಲಿಕೆ ಬಲ್ಲ ಮೇಷ್ಟ್ರುಗಳಿದ್ದಾರೆ. ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಇವರು ಒಬ್ಬರಿಗೊಬ್ಬರು ಫೋನ್ ಮಾಡುವಂತೆ ಒಂದು ಸುತ್ತೋಲೆ ಹೊರಡಿಸಿದರೂ ಸಾಕು, ಕೆಲಸ ಶುರುವಾಗುತ್ತದೆ.